ಹಳೆಯ ಊಟದ ಮೇಜಿಗೆ ಹೊಸ ಪಾಲಿಶ್, ಮೇಲೊಂದು ತೂಗುದೀಪ: ಯಾವ ಕೆಲಸ ಮೊದಲು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಊಟದ ಕೋಣೆ 10 ಅಡಿ ಅಗಲ, 11 ಅಡಿ ಉದ್ದವಿದೆ, ಹಿರಿಯರ ಕಾಲದ 3 ಅಡಿಗೆ 5 ಅಡಿಯ ಮರದ ಮೇಜಿನ ಮೇಲೆ ಬಿಳಿ ಉಂಗುರಗಳೂ ಒಂದೆರಡು ಕಪ್ಪು ಕಲೆಗಳೂ ಬಿದ್ದಿವೆ, ಟ್ಯೂಬ್‌ಲೈಟ್ ತೆಗೆದು ತೂಗುದೀಪ ಹಾಕಿಸಬೇಕು, ಗೋಡೆಯ ಪಕ್ಕ ತಟ್ಟೆ ಲೋಟಗಳಿಗೊಂದು ತಗ್ಗಾದ ಕಪಾಟು ಇಡಬೇಕು, ಮೇಜಿಗೆ ಕಡುಕಂದು ಬಣ್ಣ ಕೊಡಬೇಕು. ಬಣ್ಣದಿಂದಲೇ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಬೇಡ. ಮೊದಲು ಮೇಜಿನ ಜಾಗ ಗೊತ್ತಾಗಬೇಕು, ಅನಂತರ ದೀಪ. ಪಾಲಿಶ್ ಆ ದೀಪದ ಬೆಳಕಿನಲ್ಲಿ ನೋಡಿ ನಿರ್ಧರಿಸಬೇಕಾದ ಕೊನೆಯ ಕೆಲಸ. ಬಿಡುವಿನ ವೇಳೆಯಲ್ಲಿ ಹಳೆಯ ಮರದ ಸಾಮಾನುಗಳನ್ನು ಸರಿಪಡಿಸುತ್ತ ಬಂದಿರುವ ನಾನು ಈ ಕ್ರಮವನ್ನು ಎಂದೂ ಬದಲಿಸುವುದಿಲ್ಲ.

ಮೇಜು ಕೋಣೆಯ ನಟ್ಟನಡುವೆ ಇದ್ದರೆ ಅದರ ಎರಡೂ ಉದ್ದಬದಿಗಳಲ್ಲಿ ಮೂರೂವರೆ ಅಡಿ ಜಾಗ ಉಳಿಯುತ್ತದೆ. ಕುರ್ಚಿಯನ್ನು ಹಿಂದಕ್ಕೆಳೆದು ಆರಾಮವಾಗಿ ಎದ್ದು ಬರಲು ಸುಮಾರು 3 ಅಡಿ ಬೇಕಾಗುವುದರಿಂದ ಇದು ಧಾರಾಳವಾಯಿತು. ಆದರೆ 16 ಇಂಚು ಆಳದ ಕಪಾಟು ಬಂದ ಕೂಡಲೇ ಆ ಬದಿಯಲ್ಲಿ 26 ಇಂಚು ಮಾತ್ರ ಉಳಿದು, ಅಲ್ಲಿ ಕುಳಿತವರು ಏಳುವುದೇ ಕಷ್ಟವಾಗುತ್ತದೆ. ಮೇಜನ್ನು ಎದುರುಬದಿಗೆ 8 ಇಂಚು ಸರಿಸಿದರೆ ಎರಡೂ ಕಡೆ 34 ಇಂಚು ಸಿಗುತ್ತದೆ. ಕೂರಲು ಏಳಲು ಅಡ್ಡಿಯಿಲ್ಲ, ಕುಳಿತವರ ಬೆನ್ನ ಹಿಂದೆ ಓಡಾಡುವುದಕ್ಕೆ ಮಾತ್ರ ತುಸು ಇಕ್ಕಟ್ಟು. ಈ 8 ಇಂಚಿನ ಲೆಕ್ಕ ಹಾಕದೆ ಚಾವಣಿಯ ಮಧ್ಯದಲ್ಲಿ ದೀಪದ ಕೊಕ್ಕೆ ಹಾಕಿಸಿಬಿಟ್ಟರೆ ಬೆಳಕು ಒಂದು ಸಾಲಿನವರ ತಲೆಯ ಕಡೆಗೆ ವಾಲಿ, ಎದುರು ಸಾಲಿನವರ ತಟ್ಟೆಯ ಮೇಲೆ ಮಬ್ಬು ಉಳಿಯುತ್ತದೆ. ಆದ್ದರಿಂದ ಮೊದಲು ಕಪಾಟಿನ ಅಳತೆಗೆ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಮೇಜನ್ನು ಹೊಸ ಜಾಗದಲ್ಲಿಟ್ಟು, ಕೆಲವು ದಿನ ಹಾಗೆಯೇ ಊಟ ಮಾಡಿ ನೋಡಿ. ಜಾಗ ಒಪ್ಪಿಗೆಯಾದ ಮೇಲೆ ಎಲೆಕ್ಟ್ರಿಷಿಯನ್ ಅವರನ್ನು ಕರೆಯಿರಿ.

ತೂಗುದೀಪದ ಶೇಡ್‌ನ (ಬಲ್ಬಿನ ಸುತ್ತಲ ಮರೆಯ) ಕೆಳಅಂಚು ಮೇಜಿನ ಮೇಲ್ಮೈಯಿಂದ 30 ರಿಂದ 36 ಇಂಚು ಎತ್ತರದಲ್ಲಿರುವುದು ಸಾಮಾನ್ಯವಾಗಿ ಹಿತ. ಇದಕ್ಕಿಂತ ಕೆಳಗೆ ಬಂದರೆ ಎದುರಿಗೆ ಕುಳಿತವರ ಮುಖ ಮರೆಯಾಗುತ್ತದೆ, ಹೆಚ್ಚು ಮೇಲೆ ಹೋದರೆ ಬಲ್ಬು ಕಣ್ಣಿಗೆ ಕುಕ್ಕುತ್ತದೆ. ಅಂಗಡಿಗೆ ಹೋಗುವ ಮುನ್ನ ಒಂದು ರಟ್ಟಿನ ಪೆಟ್ಟಿಗೆಯನ್ನು ದಾರದಲ್ಲಿ ಕಟ್ಟಿ ಅದೇ ಎತ್ತರದಲ್ಲಿ ತೂಗುಬಿಟ್ಟು, ಎಲ್ಲ ಕುರ್ಚಿಗಳಲ್ಲೂ ಒಮ್ಮೆ ಕುಳಿತು ನೋಡಿದರೆ ಅಳತೆಪಟ್ಟಿ ಹೇಳದ ಸಂಗತಿಗಳು ಗೊತ್ತಾಗುತ್ತವೆ. ಒಂದೇ ದೀಪವಾದರೆ ಅದರ ಅಗಲ ಮೇಜಿನ ಅಗಲದ ಅರ್ಧಕ್ಕಿಂತ ಕಡಿಮೆ ಬೇಡ, ಮೂರನೇ ಎರಡು ಭಾಗಕ್ಕಿಂತ ಹೆಚ್ಚೂ ಬೇಡ. ನಿಮ್ಮ ಮೇಜಿಗೆ 18 ರಿಂದ 24 ಇಂಚು. ಬಲ್ಬಿನ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರಲಿ (ಇದು ಬೆಳಕಿನ ಬಣ್ಣದ ಅಳತೆ, ಅಂಕ ಕಡಿಮೆಯಾದಷ್ಟೂ ಬೆಳಕು ಹಳದಿಗೆ ವಾಲುತ್ತದೆ), ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬುದನ್ನು ಹೇಳುವ ಸಿಆರ್‌ಐ ಅಂಕ 90ಕ್ಕೆ ಕಡಿಮೆಯಿಲ್ಲದಿರಲಿ. ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಬೇಕಿದ್ದರೆ ಅದಕ್ಕೆ ಹೊಂದುವ ಎಲ್‌ಇಡಿ ಬಲ್ಬನ್ನೇ ಕೇಳಿ ತನ್ನಿ. ಇಲ್ಲವಾದರೆ ದೀಪ ಮಿನುಗತೊಡಗುತ್ತದೆ.

ಪಾಲಿಶ್ ಕೊನೆಗೆ ಎಂದದ್ದು ಈ ಬೆಳಕಿನ ಕಾರಣಕ್ಕೆ. 6500 ಕೆಲ್ವಿನ್‌ನ ನೀಲಿಬಿಳುಪಿನ ಟ್ಯೂಬಿನ ಕೆಳಗೆ ಬೂದುಗಂದಾಗಿ ಕಾಣುವ ಮರ 2700 ಕೆಲ್ವಿನ್ ಬೆಳಕಿನಲ್ಲಿ ಕೆಂಪು ಛಾಯೆಗೆ ತಿರುಗುತ್ತದೆ. ಹೊಳಪಿನ ವಿಚಾರವೂ ಹಾಗೆಯೇ: ಕನ್ನಡಿಯಂತೆ ಮಿರುಗುವ ಪಾಲಿಶ್ ಮೇಲೆ ತೂಗುದೀಪದ ಬಲ್ಬು ಪೂರ್ತಿ ಪ್ರತಿಬಿಂಬಿಸಿ, ಮೇಲಿನಿಂದ ಬರುವ ಕುಕ್ಕನ್ನು ನೀವು ತಪ್ಪಿಸಿಕೊಂಡರೂ ಅದು ಕೆಳಗಿನಿಂದ ಬರುತ್ತದೆ. ಊಟದ ಮೇಜಿಗೆ ಹೊಳಪಿಲ್ಲದ ಮ್ಯಾಟ್ ಅಥವಾ ಮಂದ ಹೊಳಪಿನ ಸ್ಯಾಟಿನ್ ಫಿನಿಶ್ ಅನ್ನೇ ನಾನು ಆರಿಸುತ್ತೇನೆ.

ಕಲೆಗಳ ವಿಷಯಕ್ಕೆ ಬರೋಣ. ಬಿಳಿ ಉಂಗುರ ಸಾಮಾನ್ಯವಾಗಿ ಪಾಲಿಶ್ ಪದರದೊಳಗೆ ಸಿಕ್ಕಿಕೊಂಡ ತೇವ. ಮರಕ್ಕೆ ಏನೂ ಆಗಿರುವುದಿಲ್ಲ, ಹಳೆಯ ಪಾಲಿಶ್ ಹೋದರೆ ಉಂಗುರವೂ ಹೋಗುತ್ತದೆ. ಕಪ್ಪು ಕಲೆ ಹಾಗಲ್ಲ. ನೀರು ಮರದವರೆಗೂ ಇಳಿದು, ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದ ಅಂಶದೊಡನೆ ಸೇರಿದಾಗ ಆ ಕಪ್ಪು ಹುಟ್ಟುತ್ತದೆ. ಅದನ್ನು ಉಜ್ಜಿ ತೆಗೆಯಲು ಹೊರಟರೆ ಕಲೆ ಹೋಗುವ ಮೊದಲೇ ಅಲ್ಲೊಂದು ತಗ್ಗು ಬೀಳುತ್ತದೆ. ಕಿಟಕಿಯ ಓರೆಬೆಳಕಿನಲ್ಲಿ ಆ ತಗ್ಗು ಕಲೆಗಿಂತ ಎದ್ದು ಕಾಣುತ್ತದೆ. ಪಾಲಿಶ್ ತೆಗೆದ ಬರಿಯ ಮರಕ್ಕೆ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ಬಣ್ಣ ತಿಳಿಯಾದ ಮೇಲೆ ನೀರಿನಿಂದ ಚೆನ್ನಾಗಿ ಒರೆಸಿ ತೆಗೆಯುವುದು ಸರಿಯಾದ ದಾರಿ. ಅದು ವಿಷಕಾರಿಯಾದುದರಿಂದ ಕೈಗವಸು ಮತ್ತು ಕನ್ನಡಕ ಧರಿಸಿಯೇ ಕೆಲಸ ಮಾಡಬೇಕು. ಒಣಗಿದ ಪುಡಿ ಉಸಿರಿನೊಳಗೆ ಹೋಗಬಾರದು.

ಉಪ್ಪುಕಾಗದ ಕೈಗೆತ್ತಿಕೊಳ್ಳುವ ಮುನ್ನ ಮೇಜಿನ ಅಂಚನ್ನು ನೋಡಿ. ಮೇಲ್ಮೈಯ ಎಳೆಗಳು ತುದಿಯಲ್ಲಿ ಮುಂದುವರಿದು ಇಳಿದಿದ್ದರೆ ಅದು ಇಡೀ ಹಲಗೆ. ಅಂಚಿನಲ್ಲಿ ತೆಳುವಾದ ಪದರವೊಂದು ಬೇರೆಯಾಗಿ ಕಂಡರೆ ವೆನೀರ್, ಅದನ್ನು ಯಂತ್ರದಿಂದ ಉಜ್ಜಿದರೆ ತೂತು ಬೀಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಈಗಿರುವುದು ಯಾವ ಪಾಲಿಶ್ ಎಂದು ತಿಳಿಯಲು ಕಾಲಿನ ಒಳಬದಿಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ಹಿಡಿಯಿರಿ: ಮೆತ್ತಗಾಗಿ ಅಂಟಿದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಹಳೆಯ ಮೇಜಿಗೆ ಬಣ್ಣದ ಪೇಂಟ್ ಬಳಿದಿದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಲೇಬಾರದು.

120, 180, 220 ಹೀಗೆ ನಯವಾಗುತ್ತ ಹೋಗುವ ಕಾಗದಗಳಿಂದ, ಸದಾ ಮರದ ಎಳೆಯ ಉದ್ದಕ್ಕೇ ಉಜ್ಜಿ. ಧೂಳು ಒರೆಸಿದ ಮೇಲೆ ಬಟ್ಟೆಗೆ ಸ್ಪಿರಿಟ್ ಹಾಕಿ ಮೇಜಿನ ಮೇಲೆ ಒಮ್ಮೆ ಎಳೆಯಿರಿ. ಅದು ಆರುವವರೆಗಿನ ಅರೆಗಳಿಗೆ, ಬಣ್ಣ ಬೆರೆಸದ ಪಾಲಿಶ್ ಹಾಕಿದರೆ ಮರ ಹೇಗೆ ಕಾಣುತ್ತದೋ ಬಹುಮಟ್ಟಿಗೆ ಹಾಗೆಯೇ ಕಾಣುತ್ತದೆ, ಅಡ್ಡ ಗೀರುಗಳು ಉಳಿದಿದ್ದರೆ ಅವೂ ಎದ್ದು ತೋರುತ್ತವೆ. ಇದನ್ನು ರಾತ್ರಿ, ಹೊಸ ದೀಪ ಹಚ್ಚಿಕೊಂಡು ಮಾಡಿ. ಕಡುಕಂದಿನ ಆಸೆ ಆಗಲೂ ಉಳಿದಿದ್ದರೆ ಅಡ್ಡಿಯಿಲ್ಲ, ಮೇಜಿನ ಅಡಿಭಾಗದಲ್ಲಿ ಪರೀಕ್ಷಿಸಿ ಮುಂದುವರಿಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ದೀಪವಿರುವ ಸಣ್ಣ ಕೋಣೆಯಲ್ಲಿ ಕಡುಬಣ್ಣದ ಮೇಜು ಬೆಳಕನ್ನು ನುಂಗುತ್ತದೆ, ಧೂಳನ್ನೂ ಗೀರನ್ನೂ ಎತ್ತಿ ತೋರಿಸುತ್ತದೆ.

ಬಿಸಿ ಪಾತ್ರೆ, ನೀರು ತಪ್ಪದ ಮೇಜಿಗೆ ಅರಗಿನ ಪಾಲಿಶ್ ತಾಳುವುದಿಲ್ಲ. ಪಾಲಿಯುರೆಥೇನ್ ವಾರ್ನಿಶ್ ಅನ್ನು ಮೂರು ತೆಳುಪದರಗಳಲ್ಲಿ, ನಡುನಡುವೆ 320ರ ಕಾಗದದಿಂದ ಹಗುರವಾಗಿ ಉಜ್ಜಿ ಹಚ್ಚಿ. ಅಡಿಭಾಗಕ್ಕೂ ಒಂದು ಪದರ ಇರಲಿ, ಹಲಗೆ ಎರಡೂ ಕಡೆಯಿಂದ ಸಮವಾಗಿ ತೇವ ಹೀರಿದರೆ ಬಾಗುವ ಭಯ ಕಡಿಮೆ. ಲಿನ್ಸೀಡ್ ಎಣ್ಣೆಯಂಥ ಒಣಗುವ ಎಣ್ಣೆಯನ್ನು ಬಳಸುವುದಾದರೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಬುಟ್ಟಿಗೆ ಎಸೆಯಬೇಡಿ, ಅವು ತಾವಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ.

ಕುರ್ಚಿಗಳ ಬಗ್ಗೆ ನೀವು ಕೇಳಿಲ್ಲವಾದರೂ, ಹೊಸದು ಕೊಳ್ಳುವುದಾದರೆ 30 ಇಂಚಿನ ಮೇಜಿಗೆ ಆಸನ 18 ಇಂಚು ಎತ್ತರವಿರಲಿ, ಕೈಯಿರುವ ಕುರ್ಚಿಯಾದರೆ ಅದರ ಕೈ ಮೇಜಿನ ಕೆಳಪಟ್ಟಿಯಡಿ ತೂರುತ್ತದೆಯೇ ಎಂದು ಅಳೆದು ಕೊಳ್ಳಿ. ಇನ್ನು ಪಾಲಿಶ್ ಮುಟ್ಟಿದರೆ ಒಣಗಿದಂತೆ ಮರುದಿನವೇ ಅನ್ನಿಸಿದರೂ ಪೂರ್ತಿ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದಾಗಲಿ ಬಿಸಿ ಪಾತ್ರೆ ಇಡುವುದಾಗಲಿ ಬೇಡ.