ಒಂದೇ ಬಾಯಿ, ನೂರು ವರದಿ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಇರಾಕ್ ಯುದ್ಧದ ನೆಪದಲ್ಲಿ ಗೂಢಚಾರ ಸಂಸ್ಥೆಗಳನ್ನು ಜಾಸ್ತಿಯೇ ಬೈದಿದ್ದೀರಿ. ಇರಾಕಿನಲ್ಲಿ ಘೋರ ಅಸ್ತ್ರಗಳಿವೆ ಅಂತ ನೂರು ವರದಿಗಳು ಒಂದೇ ಮಾತು ಹೇಳುವಾಗ ಅಮೆರಿಕ ಸರ್ಕಾರ ಕೈಕಟ್ಟಿ ಕೂರಬೇಕಿತ್ತೇ? ಕಾದು ಕೂತವರೇ ಪೆಟ್ಟು ತಿನ್ನುವುದು."

ಕಾದು ಕೂತು ಪೆಟ್ಟು ತಿಂದವರು ಇದ್ದಾರೆ, ಒಪ್ಪಿದೆ. 1973ರಲ್ಲಿ ಈಜಿಪ್ಟ್, ಸಿರಿಯಾಗಳ ಹಠಾತ್ ದಾಳಿಗೆ ಸಿಕ್ಕ ಇಸ್ರೇಲ್, 1999ರಲ್ಲಿ ಕಾರ್ಗಿಲ್‌ನಲ್ಲಿ ನಾವೇ. ಆದರೆ 'ನೂರು ವರದಿ' ಎಂದಿರಲ್ಲ, ನನ್ನ ತಕರಾರು ಅಲ್ಲೇ.

ಇರಾಕಿನಿಂದ ಜರ್ಮನಿಗೆ ಓಡಿಬಂದ ಒಬ್ಬ ಎಂಜಿನಿಯರ್. ಅವನಿಗೆ 'ಕರ್ವ್‌ಬಾಲ್' ಎಂಬ ಗುಪ್ತನಾಮ. ಲಾರಿಗಳಲ್ಲಿ ರೋಗಾಣು ಅಸ್ತ್ರ ತಯಾರಾಗುತ್ತಿದೆ ಎಂದ. ಅವನೊಬ್ಬನ ಬಾಯಿಂದಲೇ ನೂರರ ಹತ್ತಿರ ವರದಿಗಳು ಹುಟ್ಟಿದವು. ಯುದ್ಧಕ್ಕೆ ಮೊದಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಅವನನ್ನು ಎದುರು ಕೂರಿಸಿಕೊಂಡು ವಿಚಾರಿಸಲೇ ಇಲ್ಲ. ಆದರೂ 2003ರ ಫೆಬ್ರವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಆ ಲಾರಿಗಳ ಚಿತ್ರ ತೋರಿಸಿದರು. ಮುಂದಿನ ತಿಂಗಳೇ ಇರಾಕಿನ ಮೇಲೆ ಬಾಂಬು ಬಿತ್ತು. ತಾನು ಹೇಳಿದ್ದು ಸುಳ್ಳು ಅಂತ ಅವನು ಒಪ್ಪಿಕೊಂಡಿದ್ದು 2011ರಲ್ಲಿ.

ಇದನ್ನು ಓದುವಾಗಲೆಲ್ಲ ನನಗೆ ಮುಂಬಯಿ ಫೋರ್ಟಿನ ಒಂದು ಹೋಟೆಲ್ ನೆನಪಾಗುತ್ತದೆ. ನಾನಾಗ ಹಗಲು ಅಲ್ಲಿ ಕೆಲಸ ಮಾಡಿ ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಒಂದು ದಿನ ಗಲ್ಲಾದಲ್ಲಿ ದುಡ್ಡು ಕಡಿಮೆ ಬಂತು. ಕುಂದಾಪುರ ಕಡೆಯ ಒಬ್ಬ ಮಾಣಿಯೇ ಕದ್ದಿದ್ದು ಅಂತ ನಾಲ್ಕು ಜನ ಹೇಳಿದರು. ನಾಲ್ವರೂ ಕೇಳಿಸಿಕೊಂಡದ್ದು ಅಡುಗೆಭಟ್ಟರೊಬ್ಬರ ಬಾಯಿಂದ. ಲೆಕ್ಕ ಬರೆಯುವವರು ಮಾತ್ರ "ಇನ್ನೊಮ್ಮೆ ಕೂಡಿಸಿ ನೋಡೋಣ" ಅಂದರು. ಯಾರೂ ಕೇಳಲಿಲ್ಲ. ಹುಡುಗ ಅವತ್ತೇ ಊರಿನ ಬಸ್ ಹತ್ತಿದ. ಮೂರನೇ ದಿನ ತಪ್ಪು ಸಿಕ್ಕಿತು, ಕೂಡಿಸಿದ್ದರಲ್ಲೇ. ಅವನು ವಾಪಸ್ ಬರಲಿಲ್ಲ.

ವಾಷಿಂಗ್ಟನ್ನಿನಲ್ಲೂ ಲೆಕ್ಕ ಬರೆಯುವವರು ಇದ್ದರು. ಇರಾಕ್ ತರಿಸಿದ ಅಲ್ಯೂಮಿನಿಯಂ ಕೊಳವೆಗಳು ಅಣುಬಾಂಬಿಗೇ ಅಂತ ಸಿಐಎ ಹಟ ಹಿಡಿಯಿತು. ಅಣು ವಿಷಯ ಬಲ್ಲ ಇಂಧನ ಇಲಾಖೆಯವರು ಅಲ್ಲ ಎಂದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಒಪ್ಪಲಿಲ್ಲ. ಈ ತಕರಾರುಗಳು 2002ರ ಅಕ್ಟೋಬರಿನ ಗುಪ್ತ ವರದಿಯೊಳಗೇ ಅಚ್ಚಾಗಿದ್ದವು! ಪೂರ್ತಿ ಓದಿದ ಸೆನೆಟರುಗಳು ಬೆರಳೆಣಿಕೆಯಷ್ಟು. ಹಾಗೆ ಓದಿದ ಸೆನೆಟರ್ ಬಾಬ್ ಗ್ರಹಾಂ ಯುದ್ಧಕ್ಕೆ ವಿರುದ್ಧವಾಗಿ ಮತ ಹಾಕಿದರು. ಆದರೂ ಯುದ್ಧದ ಠರಾವು ಸೆನೆಟಿನಲ್ಲಿ 77–23 ಮತಗಳಿಂದ ಪಾಸಾಯಿತು. 2004ರವರೆಗೆ ಹುಡುಕಿದರೂ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಸತ್ತವರು ಮಾತ್ರ ಲಕ್ಷ ದಾಟಿದರು.

ಅನುಮಾನಕ್ಕೆ ಕೊನೆಯಿಲ್ಲ ಅಂತ ನಿಮಗೆ ಅನಿಸಬಹುದು. ನೀವು ತಿಳಿದವರು, ಆದರೂ ಹೇಳುತ್ತೇನೆ, ಅನುಮಾನ ಪಡುವವರನ್ನು ಹೇಡಿಗಳ ಸಾಲಿಗೆ ಸೇರಿಸಬೇಡಿ. ನಮ್ಮಲ್ಲೂ ಈ ಚಾಳಿ ಬೆಳೆದಿದೆ. ವಾಟ್ಸಾಪಿನಲ್ಲಿ ಒಂದೇ ಸುದ್ದಿ ಹತ್ತು ಗುಂಪಿನಿಂದ ಬಂದರೆ ಹತ್ತು ಸಾಕ್ಷಿ ಸಿಕ್ಕಿತು ಅಂದುಕೊಳ್ಳುತ್ತೇವೆ. ಮುಂಬಯಿಯ ನಮ್ಮ ಸಂಘಗಳ ವಾರ್ಷಿಕ ಸಭೆಗಳನ್ನೇ ನೋಡಿ. ಲೆಕ್ಕಪತ್ರದ ಹಾಳೆ ತಿರುಗಿಸದೆ ಕೈ ಎತ್ತುತ್ತೇವೆ. ಒಬ್ಬರು ಎದ್ದು ಪ್ರಶ್ನೆ ಕೇಳಿದರೆ, "ಕೂತ್ಕೊಳ್ಳಿ, ಊಟಕ್ಕೆ ಹೊತ್ತಾಯ್ತು" ಎನ್ನುತ್ತೇವೆ. ಆ ಒಬ್ಬರು ಮುಂದಿನ ವರ್ಷ ಸಭೆಗೇ ಬರುವುದಿಲ್ಲ.

ಸಂಪಾದಕನಿಗೆ "ನೀವು ಹೇಳಿದ್ದು ಸರಿಯಿಲ್ಲ" ಅಂತ ಬರೆಯುವವರೂ ಈಗ ಕಡಿಮೆ. ಅದಕ್ಕೇ ಈ ಸಲ ಹೊಗಳಿಕೆಯ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ನಿಮ್ಮದನ್ನು ಹಾಕಿದ್ದೇನೆ. ಮತ್ತೆ ಬರೆಯಿರಿ.