ಏಳು ಸಾವಿರ ರಿಯಾಲ್ ಸಾಕಾ?

ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಬಂದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ತೋರಣಗಲ್ಲಿನ ಕಡೆಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬಂದಿದ್ದರು. ಕೂತ ಮೇಲೆ ಐದು ನಿಮಿಷ ಮಾತೇ ಇಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಗುರುತು ಸಿಗಬಾರದು ಅಂತ ವಯಸ್ಸು, ಮೊತ್ತ, ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಹೆಸರೂ ಇಡುವುದಿಲ್ಲ, ಗಂಡ, ಹೆಂಡತಿ ಅಂತಲೇ ಬರೆಯುತ್ತೇನೆ. ಇಬ್ಬರೂ ಒಪ್ಪಿದ್ದಾರೆ.

ಗಂಡ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಉಕ್ಕಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷದ ಸರ್ವಿಸ್. ಕೈಗೆ ಬರುವುದು ತಿಂಗಳಿಗೆ 58,000. ಇರಲು ಕಂಪನಿ ಕ್ವಾರ್ಟರ್ಸ್. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, 18,000 ಸಂಬಳ. ನಾಲ್ಕನೇ ಕ್ಲಾಸಿನ ಒಬ್ಬಳು ಮಗಳು. ಆತನ ತಂದೆ-ತಾಯಿ ಕಂಪ್ಲಿ ಕಡೆಯ ಹಳ್ಳಿಯಲ್ಲಿ.

ಆತ ಜೇಬಿನಿಂದ ಒಂದು ಮದುವೆ ಕಾರ್ಡು ತೆಗೆದ. ಮೂಲೆಯಲ್ಲಿ ಅರಿಶಿನ ಹಚ್ಚಿದ್ದು ಹಾಗೇ ಇತ್ತು. ಹಿಂದುಗಡೆ ಬಾಲ್‌ಪೆನ್ನಿನಲ್ಲಿ ಒಂದೇ ಸಾಲು: 7,000 × 23 = 1,61,000. ರಿಯಾಲಿಗೆ 23 ರೂಪಾಯಿಯ ಲೆಕ್ಕ. ಕೆಳಗೆ ಎರಡು ಗೆರೆ ಎಳೆದಿದ್ದ.

"ಸೌದಿ, ಜುಬೈಲ್‌ರಿ ಮೇಡಂ. ಟ್ಯಾಕ್ಸ್ ಇಲ್ಲ. ಇದನ್ನ ಬಿಡು ಅಂತಾಳ್ರಿ ಇವ್ಳು."

"ನಾನು ಬಿಡು ಅಂದಿಲ್ರಿ," ಅಂದಳು ಆಕೆ. "ಎಲ್ಲಾ ಗೆಳೆಯನ ಕೂಡ ಫೋನಿನ್ಯಾಗ ಮಾತಾಡಿ ಮುಗಿಸಿ, ಆಮೇಲೆ ನನಗ ಹೇಳಿದ್ರು. ಅದನ್ನ ಕೇಳಿದೆ." ಪರ್ಸಿನಿಂದ ಶಾಲೆಯ ನೋಟ್‌ಬುಕ್ಕಿನ ಹಾಳೆ ತೆಗೆದಳು. ಬಾಡಿಗೆ, ಶಾಲೆ, ನನ್ನ ಸಂಬಳ, ಅತ್ತೆಯ ಶುಗರ್ ಮಾತ್ರೆ. ಒಂದೊಂದರ ಮುಂದೆಯೂ ಮೈನಸ್ ಗುರುತು. ಮೊತ್ತ ಮಾತ್ರ ಬರೆದಿರಲಿಲ್ಲ. ಅಲ್ಲಿನ ರೇಟು ಆಕೆಗೆ ಗೊತ್ತಿರಲಿಲ್ಲ.

ಇಂಥ ಜೋಡಿಗಳನ್ನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ. ಒಬ್ಬರು ಗುಣಾಕಾರ ಮಾಡುತ್ತಾ ಕೂತಿರುತ್ತಾರೆ, ಇನ್ನೊಬ್ಬರು ವ್ಯವಕಲನ. ಒಂದೇ ಹಾಳೆಯ ಮೇಲೆ ಎರಡೂ ಬರುವುದೇ ಇಲ್ಲ. ನಾನು ಈ ಕೆಲಸಕ್ಕೆ ಬರುವ ಮೊದಲು 19 ವರ್ಷ ಬ್ಯಾಂಕಿನಲ್ಲಿದ್ದೆ. ಆ ಚಟ ಇನ್ನೂ ಬಿಟ್ಟಿಲ್ಲ. "ಮನಸ್ಸಿನ ಮಾತು ಆಮೇಲೆ, ಮೊದಲು ಇದನ್ನು ಕೂಡಿಸೋಣ" ಅಂತ ದೊಡ್ಡ ಹಾಳೆ ಹಾಕಿದೆ.

ಆಫರ್ ಪತ್ರದಲ್ಲಿ 7,000 ಅಂತ ಒಂದೇ ಮೊತ್ತ ಇರಲಿಲ್ಲ. ಬೇಸಿಕ್ 5,000, ಮನೆಗೆ 1,250, ಓಡಾಟಕ್ಕೆ 500, ಊಟಕ್ಕೆ 250. ಆತ ಇದನ್ನು ಓದಿಯೇ ಇರಲಿಲ್ಲ. ಕೆಳಗಿನ ಟೋಟಲ್ ನೋಡಿ ಮಡಿಚಿಟ್ಟಿದ್ದ. ಆದರೆ ವಿಷಯ ಇರುವುದು ಇಲ್ಲೇ. ಕಂಪನಿ ರೂಮು ಕೊಟ್ಟರೆ ಆ 1,250 ಹೋಗುತ್ತದೆ. ಓವರ್‌ಟೈಮಿಗೆ ಗಂಟೆಯ ಕೂಲಿಯ ಜೊತೆ ಸೇರಿಸುವ ಅರ್ಧ ಪಟ್ಟು ಬೇಸಿಕ್ಕಿನ ಮೇಲೆ ಬರುತ್ತದೆ. ಒಟ್ಟು ಅಷ್ಟೇ ಇದ್ದರೂ ಬೇಸಿಕ್ ಎಷ್ಟು ಅಂತ ಕೇಳಲೇಬೇಕು.

ಜುಬೈಲ್‌ನಲ್ಲಿ ಸಂಸಾರ ಇಟ್ಟುಕೊಂಡಿರುವ ಆತನ ಗೆಳೆಯನಿಗೆ ಕೂತಲ್ಲಿಂದಲೇ ಫೋನ್ ಮಾಡಿಸಿದೆ. ಆತ ಬರೆಸಿದ್ದು ಹೀಗೆ. ಮನೆ ಬಾಡಿಗೆ 2,000 ರಿಯಾಲ್, ಅದೂ ಆರು ತಿಂಗಳದ್ದು ಒಟ್ಟಿಗೆ ಮುಂಗಡ. ದಿನಸಿ, ತರಕಾರಿ 1,500. ಮಗಳ ಶಾಲೆ, ವ್ಯಾನು 600. ಕರೆಂಟು, ಫೋನು, ಓಡಾಟ 800. ಇಷ್ಟು ಹೇಳಿ ಗೆಳೆಯ ಫೋನ್ ಇಡುವುದರಲ್ಲಿದ್ದ. "ಅವಲಂಬಿತರ ಶುಲ್ಕ?" ಅಂತ ನಾನು ಕೇಳಿದೆ. "ಹೌದ್ರಿ, ಅದೊಂದು ಮರೆತಿದ್ದೆ" ಅಂದ.

ಎಷ್ಟೋ ಜನ ಇದನ್ನು ಮರೆಯುತ್ತಾರೆ. ಸೌದಿಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಹೆಂಡತಿ, ಮಕ್ಕಳನ್ನು ಜೊತೆಗಿಟ್ಟುಕೊಂಡರೆ ತಲೆಗಿಷ್ಟು ಅಂತ ಸರ್ಕಾರಕ್ಕೆ ಕಟ್ಟಬೇಕು. 2017ರಲ್ಲಿ ತಿಂಗಳಿಗೆ 100 ರಿಯಾಲ್ ಇಂದ ಶುರುವಾಗಿ, ವರ್ಷಕ್ಕೆ 100 ಏರುತ್ತಾ 2020ಕ್ಕೆ 400ಕ್ಕೆ ಬಂತು. ಇವರಿಗೆ ಇಬ್ಬರ ಲೆಕ್ಕದಲ್ಲಿ 800. ಅದೇ 2020ರ ಜುಲೈನಲ್ಲಿ ವ್ಯಾಟ್ ಶೇ. 5ರಿಂದ 15ಕ್ಕೆ ಹೋಯಿತು. ಟ್ಯಾಕ್ಸ್ ಇಲ್ಲ ಅನ್ನುವುದು ಸಂಬಳದ ಚೀಟಿಯಲ್ಲಿ ಮಾತ್ರ, ಅಂಗಡಿಯ ಬಿಲ್ಲಿನಲ್ಲಿ ಅಲ್ಲ.

ಎಲ್ಲಾ ಸೇರಿ 5,700. ಉಳಿಯುವುದು 1,300 ರಿಯಾಲ್, ಅಂದರೆ 30,000 ರೂಪಾಯಿ. ಅದರಲ್ಲಿ ಊರಿಗೆ ಅಪ್ಪ-ಅಮ್ಮನಿಗೆ 8,000. ಕೈಯಲ್ಲಿ 22,000.

ಈಗ ಇಲ್ಲಿನ ಲೆಕ್ಕ. ಇಬ್ಬರದೂ ಸೇರಿ 76,000 ಬರುತ್ತದೆ. ಮನೆ ಖರ್ಚು, ಶಾಲೆ, ಹಳ್ಳಿಗೆ ಕಳಿಸುವುದು ಎಲ್ಲಾ 43,000. ಉಳಿಕೆ 33,000.

ಆತ ಎರಡು ಸಲ ಕೂಡಿಸಿದ. ಮೂರನೇ ಸಲ ಮೊಬೈಲಿನಲ್ಲಿ ಒತ್ತಿ ನೋಡಿದ. ಒಂದು ಲಕ್ಷ ಅರವತ್ತೊಂದು ಸಾವಿರದ ಸಂಬಳ, ಈಗಿರುವುದಕ್ಕಿಂತ 11,000 ಕಡಿಮೆ ಉಳಿಸುತ್ತಿತ್ತು. ಆಕೆ ಗೆದ್ದೆ ಅನ್ನುವ ಹಾಗೆ ನಗಲಿಲ್ಲ. ಅದು ನನಗೆ ಹಿಡಿಸಿತು.

ಒಬ್ಬನೇ ಹೋದರೆ? ರೂಮು ಕಂಪನಿಯದು, 5,750 ಕೈಗೆ. ಆತನ ಊಟ, ಫೋನು, ಇತರೆ 1,100. ಉಳಿದ 4,650 ರಿಯಾಲ್ ಅಂದರೆ 1.07 ಲಕ್ಷ. ಆಕೆಯ ಸಂಬಳ ಸೇರಿಸಿ 1.25 ಲಕ್ಷ. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಬಂದರೆ ಇಲ್ಲಿನ ಖರ್ಚು 50,000. ತಿಂಗಳಿಗೆ 75,000 ಉಳಿಯುತ್ತದೆ. ಅದೇ ಪತ್ರ, ಅದೇ ಏಳು ಸಾವಿರ. ಯಾರು ಹೋಗುತ್ತಾರೆ ಅನ್ನುವುದರ ಮೇಲೆ ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ರಿಯಾಲ್ ದರದ ಬಗ್ಗೆ ಆತನಿಗೊಂದು ಆಸೆ ಇತ್ತು, ಅದು ಇನ್ನೂ ಏರುತ್ತೆ ಅಂತ. 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ಅಂತ ಕಟ್ಟಿಹಾಕಿದ್ದಾರೆ. ಹಾಗಾಗಿ ರೂಪಾಯಿ ಡಾಲರಿನ ಮುಂದೆ ಇಳಿದಾಗೆಲ್ಲ ರಿಯಾಲ್ ನಮಗೆ ಏರಿದಂತೆ ಕಾಣುತ್ತದೆ. ಊರಿಗೆ ಕಳಿಸುವ ದುಡ್ಡಿಗೆ ಅದು ಲಾಭ. ಅಲ್ಲೇ ಅಕ್ಕಿ, ಬೇಳೆ ಕೊಳ್ಳುವವರಿಗೆ ಏನೂ ಇಲ್ಲ.

ಮುಂದಿನ ವಾರ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದೆ. ಉಳಿಕೆ 33,000 ಅಂದರೆ ಆ ದುಡ್ಡು ಎಲ್ಲಿದೆ ಅಂತ ನನಗೆ ಅನುಮಾನ ಇತ್ತು. ಪಾಸ್‌ಬುಕ್ಕಿನಲ್ಲಿ ಅದರ ಸುಳಿವಿಲ್ಲ. ಗಂಡನನ್ನು ನೇರವಾಗಿ ಕೇಳಿದೆ: "ಸಾಲ ಎಷ್ಟಿದೆ?"

"ಐದು ಲಕ್ಷ್ರಿ. ಅವ್ಳಿಗೂ ಗೊತ್ತೈತಿ."

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಒಂಬತ್ತು" ಅಂದ.

ತಮ್ಮನ ಜೊತೆ ಸೇರಿ ಸಿರುಗುಪ್ಪ ಕಡೆ ಗುತ್ತಿಗೆಗೆ ಹೊಲ ಹಿಡಿದು ಮೆಣಸಿನಕಾಯಿ ಹಾಕಿದ್ದರು. ಮೊದಲ ವರ್ಷ ದುಡ್ಡಾಯಿತು. ಎರಡನೇ ವರ್ಷ ಇನ್ನೂ ಜಾಸ್ತಿ ಹೊಲ ಹಿಡಿದರು, ರೇಟು ಬಿತ್ತು. ಎಲ್ಲಾ ಕೈಸಾಲ, ಎರಡು ರೂಪಾಯಿ ಬಡ್ಡಿ. ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24. ಒಂಬತ್ತು ಲಕ್ಷಕ್ಕೆ ತಿಂಗಳಿಗೆ 18,000 ಬಡ್ಡಿ. ಸರಿಯಾಗಿ ಹೆಂಡತಿಯ ಸಂಬಳದಷ್ಟು. ಆಕೆ ತಿಂಗಳಿಡೀ ಪಾಠ ಮಾಡಿ ತರುವುದು, ಆಕೆಗೆ ಪೂರ್ತಿ ಗೊತ್ತಿಲ್ಲದ ಹಾಗೆ ಬಡ್ಡಿಗೆ ಹೋಗುತ್ತಿತ್ತು.

ಜುಬೈಲ್ ಆಫರ್ ಒಳ್ಳೆಯದಾ, ಸಾಧಾರಣವಾ ಅನ್ನುವ ಪ್ರಶ್ನೆಯೇ ಆತನಿಗಿರಲಿಲ್ಲ. ಸಾಲಗಾರರ ಕಣ್ಣು ತಪ್ಪಿಸಿ ಹೋಗಲು ಒಂದು ದಾರಿ ಬೇಕಿತ್ತು, ಅದು ಗೌರವವಾಗಿಯೂ ಇರಬೇಕಿತ್ತು. "ದುಡಿಯಾಕ ಹೋಗ್ಯಾನ ಅಂದ್ರ ಯಾರೂ ಏನೂ ಅನ್ನಂಗಿಲ್ರಿ" ಅಂದ. ಅದಕ್ಕೇ ಯಾವ ಮೊತ್ತ ಹೇಳಿದ್ದರೂ ಹ್ಞೂಂ ಅನ್ನುತ್ತಿದ್ದ.

ನಾನು ಆಕೆಗೆ ಹೇಳುವುದಿಲ್ಲ, ನೀನೇ ಹೇಳಬೇಕು, ಹೇಳದೆ ಮುಂದಿನ ಭೇಟಿ ಇಲ್ಲ ಅಂದೆ. ಆವತ್ತು ವಾಪಸ್ ಹೋಗುವಾಗ ಕುಡತಿನಿ ಹತ್ತಿರ ಬಸ್ಸಿನಲ್ಲೇ ಹೇಳಿದನಂತೆ. ಮನೆಯಲ್ಲಿ ಹೇಳಿದ್ದರೆ ಮಗಳಿಗೆ ಕೇಳಿಸುತ್ತಿತ್ತು ಅಂತ. ಆಕೆ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಈಗ ಏಳು ಸಾವಿರ ಸಾಕಾಗ್ತದೇನ್ರಿ?"

ಅದು ಸರಿಯಾದ ಪ್ರಶ್ನೆ. ನಾನು ಕೊಟ್ಟ ಸಲಹೆ ಅಲ್ಲಿಂದಲೇ ಶುರುವಾಯಿತು.

ಎಲ್ಲರೂ ಸೇರಿ ಹೋಗುವುದಾದರೆ ಸಾಲದು, ಬರೀ ಈಗಿನಷ್ಟು ಉಳಿಸಲಿಕ್ಕೇ 7,500 ಬೇಕು. ಊರು, ಕೆಲಸ, ಮಗಳ ಶಾಲೆ ಎಲ್ಲಾ ಬಿಟ್ಟು ಹೋಗುವುದಕ್ಕೆ ಅರ್ಥ ಬರಬೇಕಾದರೆ ಒಂಬತ್ತೂವರೆ ಸಾವಿರಕ್ಕಿಂತ ಕೆಳಗೆ ಒಪ್ಪಬೇಡಿ ಅಂದೆ. ಆತ ಒಬ್ಬನೇ, ಎರಡೇ ವರ್ಷಕ್ಕೆ, ಸಾಲ ತೀರಿಸಲು ಅಂತ ಹೋಗುವುದಾದರೆ ಸಾಕು. ಒಂದೂಕಾಲು ವರ್ಷದಲ್ಲಿ ಸಾಲ ಮುಗಿದು, ಮಿಕ್ಕ ತಿಂಗಳುಗಳಲ್ಲಿ ಆರೇಳು ಲಕ್ಷ ಕೈಗೆ ಬರುತ್ತದೆ.

ಆದರೆ ವಿಮಾನ ಹತ್ತುವ ಮೊದಲು ಬಡ್ಡಿ ಇಳಿಸಬೇಕು. ಚಿನ್ನ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಿದರೆ ವರ್ಷಕ್ಕೆ ಶೇ. 9–10ರ ಆಸುಪಾಸು ಬೀಳುತ್ತದೆ, ಕೈಸಾಲದ ಅರ್ಧಕ್ಕಿಂತ ಕಡಿಮೆ. ಐದು ಲಕ್ಷಕ್ಕೆ ತಿಂಗಳಿಗೆ ಹತ್ತು ಸಾವಿರ ಹೋಗುವಲ್ಲಿ ನಾಲ್ಕು ಸಾವಿರ. ಬ್ಯಾಂಕಿನವಳಾಗಿ ಇದನ್ನು ಹೇಳುವುದು ಸುಲಭ. ಒಡವೆ ಆಕೆಯದು, ಸಾಲ ಆತ ಮುಚ್ಚಿಟ್ಟದ್ದು. ನಾನು ಒತ್ತಾಯ ಮಾಡಲಿಲ್ಲ. ಆಕೆ ಒಂದು ವಾರ ತೆಗೆದುಕೊಂಡು, ತವರಿನ ಬಳೆ ಬಿಟ್ಟು ಉಳಿದದ್ದು ಇಡ್ತೀನಿ ಅಂದಳು. ಷರತ್ತು ಎರಡು. ಅಡವಿನ ರಸೀದಿ ತನ್ನ ಹೆಸರಿನಲ್ಲಿರಬೇಕು. ಸಾಲಗಾರರಿಗೆ ದುಡ್ಡು ತಾನೇ ಕೈಯಾರೆ ಕೊಟ್ಟು, ಪ್ರಾಮಿಸರಿ ನೋಟು ವಾಪಸ್ ತೆಗೆದುಕೊಳ್ಳಬೇಕು. ಆತ ಎರಡನೆಯದಕ್ಕೆ ಮುಖ ಸಣ್ಣದು ಮಾಡಿದ. ಒಪ್ಪಿದ.

ಏಜೆಂಟ್ 1.2 ಲಕ್ಷ ಕೇಳಿದ್ದ, ವೀಸಾ ಖರ್ಚು ಅಂತ. ನಮ್ಮ ಕಾನೂನಿನಲ್ಲಿ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000, ಜಿಎಸ್‌ಟಿ ಸೇರಿ 35,400. ವೀಸಾ, ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ), ವರ್ಕ್ ಪರ್ಮಿಟ್ ಖರ್ಚು ಸೌದಿ ಕಾನೂನಿನ ಪ್ರಕಾರ ಕೆಲಸ ಕೊಡುವವನದು. ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರ್ ನೋಡಿ, ರಸೀದಿ ಕೇಳಿ ಅಂದೆ. ಕೇಳಿದ ಮರುದಿನದಿಂದ ಆ ಏಜೆಂಟ್ ಫೋನ್ ಎತ್ತಲಿಲ್ಲ. ಗಂಡ ಹೆದರಿಬಿಟ್ಟ, ಕೆಲಸ ಹೋಯಿತು ಅಂತ. ಕಂಪನಿಗೆ ಇಮೇಲ್ ಬರೆಸಿದೆ. ಆಫರ್ ನಿಜವೇ ಇತ್ತು, ಲೈಸೆನ್ಸ್ ಇರುವ ಬೇರೆ ಏಜೆನ್ಸಿಯ ಮೂಲಕ ಕಾಗದ ಬಂತು.

ಅದೇ ಇಮೇಲಿನಲ್ಲಿ ಸಂಬಳ ಜಾಸ್ತಿ ಕೇಳಿಸಿದ್ದೆ. ಕೊಡಲಿಲ್ಲ. ವರ್ಷಕ್ಕೊಂದು ಸಲ ಬಂದುಹೋಗುವ ಟಿಕೆಟ್ ಪತ್ರದಲ್ಲಿ ಬರೆದುಕೊಟ್ಟರು, ಊಟಕ್ಕೆ ಕ್ಯಾಂಟೀನ್ ಇದೆ ಅಂದರು. ಎರಡು ವರ್ಷ ತುಂಬುವ ಮೊದಲು ತಾನಾಗಿ ರಾಜೀನಾಮೆ ಕೊಟ್ಟರೆ ಸೇವಾಂತ್ಯದ ಹಣ ಸಿಗುವುದಿಲ್ಲ, ಒಪ್ಪಂದ ಪೂರ್ತಿ ಮುಗಿಸಿ ಬಂದರೆ ವರ್ಷಕ್ಕೆ ಅರ್ಧ ತಿಂಗಳ ವೇತನ ಸಿಗುತ್ತದೆ. ಇದನ್ನು ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ. ಮನೆ ನೆನಪಾಗಿ ಹದಿನೆಂಟನೇ ತಿಂಗಳಿಗೆ ಓಡಿ ಬಂದವರನ್ನು ನೋಡಿದ್ದೇನೆ.

ಬಿಸಿಲಿನ ಮಾತು ಬಂದಾಗ ಆತ ನಕ್ಕ. ಬಳ್ಳಾರಿಯವನಿಗೆ ಬಿಸಿಲಾ ಅಂತ. ನಮ್ಮದು ಒಣ ಬಿಸಿಲು, ಜುಬೈಲ್ ಸಮುದ್ರದ ದಂಡೆ, ಬೆವರು ಆರುವುದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಬಯಲಲ್ಲಿ ಬಿಸಿಲಿಗೆ ಕೆಲಸ ಮಾಡಿಸುವಂತಿಲ್ಲ ಅಂತ ಅಲ್ಲಿನ ಸರ್ಕಾರವೇ ನಿಯಮ ಮಾಡಿದೆ, ಸುಮ್ನೆ ಮಾಡಿಲ್ಲ ಅಲ್ವಾ?

ಉಳಿದದ್ದು ಕಾಗದದ ಕೆಲಸ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಮೊದಲೇ ಹೊರಡಬೇಕು. ಆ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲೇ ಇದ್ದುಬಿಟ್ಟರೆ ಅಲ್ಲಿನ ಸಂಬಳವೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ (ಅನಿವಾಸಿಗಳು ಹೊರಗಿನ ದುಡಿಮೆ ಇಡುವ ಖಾತೆ), ಅದನ್ನು ನಡೆಸಲು ಹೆಂಡತಿಗೆ ಮ್ಯಾಂಡೇಟ್, ಅಂದರೆ ಅಧಿಕಾರ ಪತ್ರ. ಇಲ್ಲಿನ ಹಳೆಯ ಖಾತೆ, ಇಲ್ಲಿನ ಆದಾಯಕ್ಕೆ ಅಂತ ಅನಿವಾಸಿಗಳಿಗಿರುವ ಎನ್‌ಆರ್‌ಒ ಆಗಬೇಕು. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು, ಆತನದು ಒಂಬತ್ತು ಆಗಿದೆ. ಪಿಂಚಣಿ ಹಣ ವಾಪಸ್ ತೆಗೆದರೆ ಅಷ್ಟೂ ವರ್ಷ ಹೋದಂತೆ. ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟುಕೊಂಡರೆ ಮುಂದೆ ಇಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿಂದಲೇ ಎಣಿಕೆ ಮುಂದುವರಿಯುತ್ತದೆ.

ಜುಲೈನಲ್ಲಿ ಆತ ಹೋದ. ಹೋಗುವ ಮುನ್ನ ಆ ಮದುವೆ ಕಾರ್ಡಿನ ಖಾಲಿ ಜಾಗದಲ್ಲಿ ಇಬ್ಬರೂ ಸೇರಿ ವಾಪಸ್ ಬರುವ ತಿಂಗಳು ಬರೆದರು. ಈಗ ಅದು ಅವರ ಬೀರುವಿನಲ್ಲಿದೆ.

ಹೋದ ತಿಂಗಳು ಆಕೆ ಬಂದಿದ್ದಳು. ಏಳು ತಿಂಗಳಲ್ಲಿ ಉಳಿದಿದ್ದ ನಾಲ್ಕು ಲಕ್ಷದ ಕೈಸಾಲ ಪೂರ್ತಿ ತೀರಿದೆ. ಹರಿದ ಪ್ರಾಮಿಸರಿ ನೋಟುಗಳನ್ನು ಕವರಿನಲ್ಲಿ ತಂದು ತೋರಿಸಿದಳು. ಚಿನ್ನ ಇನ್ನೂ ಬ್ಯಾಂಕಿನಲ್ಲಿದೆ. ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದಳು, "ಮೂರನೇ ವರ್ಷನೂ ಇರ್ತೀನಿ ಅನ್ನಾಕ ಹತ್ಯಾರ್ರಿ. ಹಳ್ಳಿಯಾಗ ಮನಿ ಕಟ್ಟಬೇಕಂತ."

ಬುಧವಾರ ರಾತ್ರಿ ಎಂಟೂವರೆಗೆ ಕೂರಲು ಹೇಳಿದ್ದೇನೆ. ಅಲ್ಲಿ ಆಗ ಸಂಜೆ ಆರು, ಆತನ ಶಿಫ್ಟ್ ಮುಗಿದಿರುತ್ತದೆ. ವಿಡಿಯೋ ಕಾಲ್‌ನಲ್ಲಿ ಬರುತ್ತಾನೆ. ಮದುವೆ ಕಾರ್ಡು ತರಲು ಆಕೆಗೆ ಹೇಳಿದ್ದೇನೆ.