ಅತ್ತೆಯ ಕಾರ್ಡು, ಗಂಡನ ನಂಬರು, ಐದು ಮಕ್ಕಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

"ದೊಡ್ಡವಳನ್ನ ಸ್ಕೂಲ್ ಬಿಡ್ಸಿದೀನಿ ಮೇಡಂ. ಕೂಸನ್ನ ನೋಡ್ಕೊಳೋಕೆ ಯಾರೂ ಇಲ್ಲ. ನಮ್ಮಣ್ಣ ಅವಳಿಗೊಂದು ಗಂಡು ನೋಡವ್ರೆ. ಒಪ್ಕೊಂಡ್ಬಿಡ್ಲಾ?"

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದ, 33 ವರ್ಷದ ತಾಯಿಯ ಮೊದಲ ಮಾತು ಇದು. ಹೊಡೆಯುವ ಗಂಡನ ವಿಷಯ ಬಂದದ್ದು ಆಮೇಲೆ. ಮಕ್ಕಳು ಐವರು: 14 ಮತ್ತು 12ರ ಹೆಣ್ಣುಮಕ್ಕಳು, 9ರ ಹುಡುಗ, 6ರ ಹುಡುಗಿ, 2 ವರ್ಷದ ಕೂಸು. ಗಂಡ ಲಗೇಜ್ ಆಟೋ ಓಡಿಸುತ್ತಾನೆ, ಟೊಮೆಟೊ ಕಾಲದಲ್ಲಿ ಕೋಲಾರದ ಮಾರುಕಟ್ಟೆಗೆ ಬಾಡಿಗೆ ಹೊಡೆಯುತ್ತಾನೆ. ದೊಡ್ಡ ಮಗಳ ಮೇಲೂ ಕೈ ಮಾಡಿದ ರಾತ್ರಿ ಐವರನ್ನೂ ಕರೆದುಕೊಂಡು ಹೊರಟು ಬಂದಿದ್ದಾರೆ. ಈಗ ಒಂದೇ ಕೋಣೆಯ ಬಾಡಿಗೆ ಮನೆ, ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುವ ಕೂಲಿ.

ಇಂಥ ಪ್ರಕರಣಗಳಲ್ಲಿ ಎಲ್ಲರೂ ಮೊದಲು ಕೇಳುವುದು "ಡೈವೋರ್ಸ್ ತಗೋತೀಯಾ, ವಾಪಸ್ ಹೋಗ್ತೀಯಾ?" ಎಂದು. ಅದನ್ನು ಪಕ್ಕಕ್ಕಿಡಲು ಹೇಳಿದೆವು. ಈ ಮನೆ ನಿಂತಿದ್ದುದು 14ರ ಹುಡುಗಿಯ ಹೆಗಲ ಮೇಲೆ. ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಶಾಲೆಗೆ ಕಳಿಸದೆ ಇದ್ದರೆ ಉಳಿದ ಯಾವ ಪರಿಹಾರವೂ ನಿಲ್ಲುವುದಿಲ್ಲ. ಹಾಗಾಗಿ ಕೆಲಸ ಶುರುವಾದದ್ದು ಕೂಸಿನಿಂದ.

ಅಂಗನವಾಡಿ ಶಾಲಾಪೂರ್ವ ತರಗತಿಗೆ 3 ತುಂಬಿರಬೇಕು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರ ಕೊಡುತ್ತಾರೆ, ಆದರೆ ದಿನವಿಡೀ ಇಟ್ಟುಕೊಳ್ಳುವುದಿಲ್ಲ. ಕೆಲವು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ, ಅಂದರೆ ಹಗಲು ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ, ನಡೆಯುತ್ತಿದೆ. ಇವರ ಪಂಚಾಯಿತಿಯಲ್ಲೂ ಇತ್ತು, ಯಾರೂ ಹೇಳಿರಲಿಲ್ಲ. ತೊಡಕು ಒಂದೇ: ಫಿಲೇಚರಿನ ಕೆಲಸ ಬೆಳಿಗ್ಗೆ ಬೇಗ ಶುರು, ಕೂಸಿನ ಮನೆ ತೆರೆಯುವುದು ತಡವಾಗಿ. ನಡುವಿನ ಆ ಎರಡು ಮೂರು ಗಂಟೆಗೆ ಯಾರೂ ಸಿಗದಿದ್ದರೆ ಹುಡುಗಿಯ ಓದು ನಿಂತೇ ಇರುತ್ತಿತ್ತು. ಪಕ್ಕದ ಮನೆಯ ಅಜ್ಜಿಗೆ ದಿನಕ್ಕೆ 20 ರೂಪಾಯಿಯಂತೆ ತಿಂಗಳಿಗೆ 500 ಕೊಟ್ಟು ಅಷ್ಟು ಹೊತ್ತು ನೋಡಿಕೊಳ್ಳುವ ಏರ್ಪಾಡಾಯಿತು. ಪುಕ್ಕಟೆ ಕೇಳಬೇಡಿ ಎಂದು ಒತ್ತಿ ಹೇಳಿದ್ದೆವು. ಪುಕ್ಕಟೆ ಸಹಾಯ ಮೂರನೇ ವಾರಕ್ಕೆ ಮುಗಿಯುತ್ತದೆ, ಆಗ ಮತ್ತೆ ಶಾಲೆ ತಪ್ಪುವುದು ದೊಡ್ಡವಳಿಗೇ.

ಮಕ್ಕಳ ಟಿಸಿ (ವರ್ಗಾವಣೆ ಪತ್ರ) ಹಳೆಯ ಊರಿನ ಶಾಲೆಯಲ್ಲೇ ಉಳಿದಿತ್ತು. 1ರಿಂದ 8ರವರೆಗಿನ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಟಿಸಿ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ. ದೊಡ್ಡವಳದು 9ನೇ ತರಗತಿ, ಆ ಕಾಯ್ದೆ ಅವಳನ್ನು ಮುಟ್ಟುವುದಿಲ್ಲ. ಅವಳ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅರ್ಜಿ ಕೊಡಿಸಬೇಕಾಯಿತು.

ಮದುವೆಯ ಮಾತನ್ನು ತಾಯಿಯ ಹತ್ತಿರ ಕಾನೂನಿನಿಂದ ಶುರು ಮಾಡಲಿಲ್ಲ. ಅವರ ಲೆಕ್ಕ ಕ್ರೌರ್ಯದ್ದಲ್ಲ, ಒಂದು ತಟ್ಟೆ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಕಾನೂನು ಹೇಳಿದ್ದು ಅಣ್ಣನಿಗೆ, ಎದುರು ಕೂರಿಸಿಕೊಂಡು: 18 ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ. ಹುಡುಗಿಗೆ ಬೇರೆಯಾಗಿ ಮಕ್ಕಳ ಸಹಾಯವಾಣಿ 1098 ಹೇಳಿಕೊಟ್ಟು, ಬಾಯಿಪಾಠ ಮಾಡಿಸಿದೆವು.

ಎರಡನೇ ಭೇಟಿಯಲ್ಲಿ ತಾಯಿಯ ಕೈ ನೋಡಿದ ಮೇಲೆ ರೇಷನ್ ಯಾಕೆ ಸಿಗುತ್ತಿಲ್ಲ ಎಂಬುದು ತಿಳಿಯಿತು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಉಬ್ಬಿ, ಸಿಪ್ಪೆ ಎದ್ದು, ಗೆರೆಗಳೇ ಸವೆದಿದ್ದವು. ನ್ಯಾಯಬೆಲೆ ಅಂಗಡಿಯ ಯಂತ್ರ ಎಷ್ಟು ಸಲ ಒತ್ತಿದರೂ ಗುರುತು ಹಿಡಿಯುತ್ತಿರಲಿಲ್ಲ. ಬೆರಳು ಸಿಗದಿದ್ದರೆ ಓಟಿಪಿ. ಆಧಾರಿಗೆ ಜೋಡಿಸಿದ್ದ ನಂಬರ್ ಗಂಡನದು. ಅಂದರೆ ಅಕ್ಕಿ ಕೇಳಲು ಹೋದ ಪ್ರತಿ ಸಲವೂ ಅವನ ಫೋನಿಗೆ ಮೆಸೇಜು, ಜೊತೆಗೆ ಹೆಂಡತಿ ಎಲ್ಲೋ ಓಡಾಡುತ್ತಿದ್ದಾಳೆ ಎಂಬ ಸುಳಿವು.

ಇದನ್ನು ಬಿಡಿಸುವುದಕ್ಕೆ ಒಂದು ಕ್ರಮವಿದೆ, ಹಿಂದುಮುಂದಾದರೆ ಕೆಡುತ್ತದೆ. ಮೊದಲು ಸ್ವಂತ ಹೆಸರಿನಲ್ಲಿ ಸಿಮ್. ಆಮೇಲೆ ಆಧಾರ್ ಕೇಂದ್ರದಲ್ಲಿ ನಂಬರ್ ಬದಲಾವಣೆ, ಬೆರಳು ಒಪ್ಪದಿದ್ದರೆ ಕಣ್ಣಿನ ಪಾಪೆಯ ಗುರುತು ತೆಗೆದುಕೊಳ್ಳಿ ಎಂದು ಬಾಯಿಬಿಟ್ಟು ಕೇಳಬೇಕು. ಬಳಿಕ ಹೊಸ ಬ್ಯಾಂಕ್ ಖಾತೆ, ಅದಕ್ಕೆ ಆಧಾರ್ ಜೋಡಣೆ. ಸರ್ಕಾರದ ಹಣ ಬೀಳುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಗಂಡನ ನಂಬರಿರುವ ಹಳೆಯ ಖಾತೆಯಲ್ಲೇ ಜೋಡಣೆ ಉಳಿದರೆ ಮಂಜೂರಾದ ಹಣವೂ ಅವನ ಕೈಗೇ.

ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ. ಗೃಹಲಕ್ಷ್ಮಿಯ 2,000 ರೂಪಾಯಿ ಅವರಿಗೇ ಹೋಗುತ್ತದೆ. ಸಿಟ್ಟಿನಲ್ಲಿ ತಮ್ಮ ಮತ್ತು ಮಕ್ಕಳ ಹೆಸರನ್ನು ತೆಗೆಸಲು ಹೊರಟಿದ್ದರು, ತಡೆದೆವು. ಹೊಸ ಕಾರ್ಡಿನ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ಹೆಸರು ತೆಗೆಸಿದರೆ, ಹೊಸದು ಬರುವವರೆಗೆ ಆರು ಜನರಿಗೆ ಕಾಳೂ ಇಲ್ಲದಂತಾಗುತ್ತದೆ. ಅಲ್ಲಿಯವರೆಗೆ ಹಳೆಯ ಕಾರ್ಡಿನಲ್ಲೇ ಈಗಿನ ಊರಿನ ಅಂಗಡಿಯಲ್ಲಿ, ತಿಂಗಳ ಮೊದಲ ದಿನಗಳಲ್ಲೇ ತಮ್ಮ ಪಾಲು ತರಬಹುದು. ಜೊತೆಗೆ ತಹಶೀಲ್ದಾರರಿಗೂ ಆಹಾರ ನಿರೀಕ್ಷಕರಿಗೂ ಬೇರೆ ಕಾರ್ಡಿಗೆ ಲಿಖಿತ ಅರ್ಜಿ, ಅದರ ಮೇಲೆ ಸ್ವೀಕೃತಿ ಸೀಲು.

ಪೊಲೀಸ್ ಠಾಣೆಯಲ್ಲಿ ಈ ಮೊದಲು ಮೂರು ಸಲ ಗಂಡನಿಂದ ಮುಚ್ಚಳಿಕೆ ಬರೆಸಿದ್ದರು. ಇನ್ನು ಹೊಡೆಯುವುದಿಲ್ಲ ಎಂಬ ಮುಚ್ಚಳಿಕೆಗೆ ಹಲ್ಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶಕ್ಕೆ ಇದೆ: ಮುರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರ ಮೂಲಕ ಕೌಟುಂಬಿಕ ಘಟನಾ ವರದಿ ತಯಾರಾಗಿ ಅರ್ಜಿ ಹೋಯಿತು. ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಹೆಂಗಸರಿಗೆ ಆದಾಯದ ಮಿತಿ ನೋಡದೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ, ಸಹಾಯವಾಣಿ 15100.

ಅರ್ಜಿಯಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನು ಸೇರಿಸಲೇಬೇಕೆಂದು ವಕೀಲರಿಗೆ ಬರೆದುಕೊಟ್ಟೆವು. ಗಂಡ ಶಾಲೆಯ ಗೇಟಿಗೆ ಬಂದು ಹುಡುಗನನ್ನು ಕರೆದೊಯ್ದರೆ, ಆದೇಶದ ಪ್ರತಿ ಇಲ್ಲದ ಮುಖ್ಯೋಪಾಧ್ಯಾಯರು "ಅಪ್ಪ ತಾನೆ" ಎನ್ನುತ್ತಾರೆ. ಅವರದೂ ತಪ್ಪಲ್ಲ.

ಜೀವನಾಂಶಕ್ಕೆ "ಅವನಿಗೆ ಆದಾಯವೇ ಇಲ್ಲ" ಎಂಬ ಉತ್ತರ ಬಂದೇ ಬರುತ್ತದೆ. ಆಟೋ ನಂಬರು, ಲೋಡು ಹೊಡೆಯುವ ಮಂಡಿಯ ಹೆಸರು, ಬಾಡಿಗೆ ಹಣ ಫೋನ್‌ಪೇಯಲ್ಲಿ ಬಂದಿದ್ದರೆ ಅದರ ಚಿತ್ರ, ಇವಿಷ್ಟನ್ನು ಕೂಡಿಡಲು ಹೇಳಿದೆವು. ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಲ್ಲಿ ಈ ಚೀಟಿಗಳು ಮಾತಾಡುತ್ತವೆ. ಕೋರ್ಟಿಗೆ ಹೋಗುವ ದಿನ ಖಾಸಗಿ ಬಸ್ಸು ಹತ್ತದೆ ಸರ್ಕಾರಿ ಬಸ್ಸಿಗೇ ಕಾಯಬೇಕು, ಟಿಕೆಟ್ ಉಚಿತ.

ಇವರ ಹೆಸರಿನಲ್ಲಿ ಗಂಡ ತೆಗೆಸಿದ ಸಂಘದ (ಮೈಕ್ರೋಫೈನಾನ್ಸ್) ಸಾಲವೂ ಇತ್ತು, ವಸೂಲಿಯವರು ರಾತ್ರಿ ಬರುತ್ತಿದ್ದರು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಪೀಡಿಸುವಂತಿಲ್ಲ. ಕಂತು ಕಡಿಮೆ ಮಾಡಿಕೊಡಲು ಶಾಖೆಗೆ ಪತ್ರ ಬರೆಸಿದೆವು. ಇನ್ನೊಂದು ಸಂಘದಲ್ಲಿ ಎತ್ತಿ ಇದನ್ನು ತೀರಿಸುವುದು ಬೇಡವೇ ಬೇಡ.

ಮೂರನೇ ಭೇಟಿಯಲ್ಲಿ, ತಲೆ ತಗ್ಗಿಸಿಕೊಂಡು, ತಾವೂ ಮಕ್ಕಳಿಗೆ ಹೊಡೆಯುತ್ತಿರುವುದನ್ನು ಹೇಳಿದರು. ಯಾವಾಗ ಎಂದು ಕೇಳುತ್ತಾ ಹೋದಾಗ ಹೆಚ್ಚುಕಡಿಮೆ ಎಲ್ಲವೂ ಸಂಜೆ ಏಳರಿಂದ ಎಂಟರೊಳಗೆ: ಇವರು ದಣಿದು ಬಂದಿರುತ್ತಾರೆ, ಐವರಿಗೂ ಹಸಿವು, ಒಲೆ ಹಚ್ಚಿಲ್ಲ. ಬುದ್ಧಿಮಾತಿಗಿಂತ ಮೊದಲು ಆ ಒಂದು ಗಂಟೆಯನ್ನು ಬದಲಿಸಬೇಕಿತ್ತು. ಬೆಳಿಗ್ಗೆಯೇ ಎರಡು ಹೊತ್ತಿಗಾಗುವಷ್ಟು ಹುರುಳಿಕಾಳಿನ ಸಾರು, ಸಂಜೆ ಬಂದು ಕುದಿಸಿ ಮುದ್ದೆ ತಿರುವಿದರೆ ಸಾಕು. ಶಾಲೆಯಿಂದ ಬಂದ ಕೂಡಲೇ ನಾಲ್ವರಿಗೂ ಒಂದೊಂದು ಹಿಡಿ ಹುರಿಗಡಲೆ, ಡಬ್ಬಿ 12ರವಳ ಕೈಲಿ. ಕೈ ಎತ್ತಬೇಕೆನಿಸಿದರೆ ಹೊರಗೆ ಹೋಗಿ ಮುಖ ತೊಳೆದು ಬರುವುದು. 9ರ ಹುಡುಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ, ಅಕ್ಕಂದಿರಿಗೆ ಅಪ್ಪನ ಮಾತುಗಳಲ್ಲೇ ಬೈಯುತ್ತಿದ್ದ. ಒದ್ದೆಗೆ ಬೈಯಬೇಡಿ, ನೀವು ಮಲಗುವ ಮುಂಚೆ ಅವನನ್ನು ಒಮ್ಮೆ ಎಬ್ಬಿಸಿ ಮೂತ್ರಕ್ಕೆ ಕರೆದುಕೊಂಡು ಹೋಗಿ. ಬೈಗುಳಕ್ಕೆ ಮಾತ್ರ ಪ್ರತಿ ಸಲವೂ "ಈ ಮನೇಲಿ ಆ ಮಾತಿಲ್ಲ" ಎಂದಷ್ಟೇ ಹೇಳಿ ಎಂದೆವು. ಅವನನ್ನು ಹಾಸ್ಟೆಲ್ಲಿಗೆ ಹಾಕುವ ಯೋಚನೆಯನ್ನು ಒಂದು ವರ್ಷ ಮುಂದೂಡಿದೆವು. ಹೆದರಿದ ಮಗುವಿಗೆ ಹಾಸ್ಟೆಲ್ಲು ಶಿಕ್ಷೆಯಂತೆ ಕಾಣುತ್ತದೆ.

ಗಂಡ ಬಿಟ್ಟ ತಾಯಂದಿರ ಮಕ್ಕಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ, ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯ 72,000 ಮೀರಬಾರದು. ಐವರಿಗೂ ಸಿಗುತ್ತದೆಂದು ಭರವಸೆ ಕೊಡಲಿಲ್ಲ, ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹಾಕಿಸಿದೆವು.

ಮೂರು ತಿಂಗಳ ಹೊತ್ತಿಗೆ ಮಧ್ಯಂತರ ರಕ್ಷಣಾ ಆದೇಶ ಬಂದಿದೆ, ಅದರ ಪ್ರತಿ ಶಾಲೆಗೂ ಠಾಣೆಗೂ ತಲುಪಿದೆ. ಜೀವನಾಂಶದ ವಿಚಾರಣೆ ನಡೆಯುತ್ತಿದೆ. ಹೊಸ ಕಾರ್ಡು ಬಂದಿಲ್ಲ. ದೊಡ್ಡವಳು 9ನೇ ತರಗತಿಯಲ್ಲಿ ಕೂತಿದ್ದಾಳೆ, ಗಣಿತದಲ್ಲಿ ಹಿಂದಿದ್ದಾಳೆ. ಮುಂದಿನ ಭೇಟಿಗೆ ಅವಳನ್ನು ಒಬ್ಬಳನ್ನೇ, ಕೂಸಿಲ್ಲದೆ, ಕರೆತರಲು ಹೇಳಿದ್ದೇವೆ.